ಚೌಕ ಎಳೆದು ಹವಾಮಾನ ಲೆಕ್ಕ ಹಾಕಿದ ರಿಚರ್ಡ್‌ಸನ್

ಶಹಾಬಾದ್ ಕಲ್ಲು ಹಾಸಿದ ನೆಲವನ್ನು ನಮ್ಮ ಭಾಗದಲ್ಲಿ ನೋಡದವರಿಲ್ಲ. ಭೂಪಟದ ಮೇಲೂ ಹಾಗೆಯೇ ಚೌಕ ಎಳೆದು, ಒಂದೊಂದು ಚೌಕದ ಗಾಳಿ, ಒತ್ತಡ, ತೇವಾಂಶಗಳನ್ನು ಗಣಿತಕ್ಕೆ ಹಾಕಿದರೆ ಮುಂದಿನ ಹವಾಮಾನ ತಿಳಿದೀತೇ? ಇದನ್ನು ಕೈಯಾರೆ ಲೆಕ್ಕ ಮಾಡಿ ನೋಡಿದವರು ಲೂಯಿಸ್ ಫ್ರೈ ರಿಚರ್ಡ್‌ಸನ್.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಮನೆಯವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. 1913ರಲ್ಲಿ ಸ್ಕಾಟ್ಲೆಂಡಿನ ಒಂದು ವೀಕ್ಷಣಾಲಯದ ಮೇಲ್ವಿಚಾರಕರಾದರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲದೆ, 1916ರಲ್ಲಿ ಫ್ರಾನ್ಸಿಗೆ ಹೋಗಿ ಗಾಯಾಳುಗಳ ಆಂಬುಲೆನ್ಸ್ ಓಡಿಸಿದರು. ಬಿಡುವಾದಾಗ ಹುಲ್ಲಿನ ರಾಶಿಯ ಮೇಲೆ ಕುಳಿತು ಲೆಕ್ಕ. ಆರಿಸಿಕೊಂಡದ್ದು 1910ರ ಮೇ 20, ಆಗಲೇ ಕಳೆದುಹೋದ ದಿನ. ಚೌಕದ ಅಗಲ ಸುಮಾರು 200 ಕಿ.ಮೀ. ಎರಡೇ ಜಾಗಗಳ ಆರು ಗಂಟೆಯ ಬದಲಾವಣೆ ಕಂಡುಹಿಡಿಯಲು ಆರು ವಾರ ಹಿಡಿಯಿತು. ಬಂದ ಉತ್ತರ: ಒತ್ತಡ 145 ಹೆಕ್ಟೊಪಾಸ್ಕಲ್ ಏರುತ್ತದೆ! ನಿಜದಲ್ಲಿ ಅಂದು ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

1917ರಲ್ಲಿ ಹಸ್ತಪ್ರತಿಯೇ ಕಳೆದುಹೋಯಿತು. ತಿಂಗಳುಗಳ ನಂತರ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯಡಿ ಸಿಕ್ಕಿತು. 1922ರಲ್ಲಿ ಅದು ಪುಸ್ತಕವಾದಾಗ ತಪ್ಪು ಉತ್ತರವನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ಲ್ಯಾಬಿನಲ್ಲಿ ರೀಡಿಂಗ್ ಸರಿ ಬಾರದಿದ್ದರೆ ಮೊದಲು ರಬ್ಬರ್ ಹುಡುಕುವ ನಮಗೆ ಇದು ಸುಲಭವಲ್ಲ.

ತಪ್ಪಿಗೆ ಮುಖ್ಯ ಕಾರಣ ಚೌಕದ ಗಾತ್ರವಲ್ಲ. ಆರಂಭದ ಗಾಳಿ ಮತ್ತು ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದಿರಲಿಲ್ಲ. ಆದರೂ ಚೌಕ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಇಂದಿಗೂ ಬಿಟ್ಟಿಲ್ಲ. ಅವರ ಒಂದು ಚೌಕದೊಳಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಐದೂ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಐದಕ್ಕೂ ಒಂದೇ ಗಾಳಿ, ಒಂದೇ ಒತ್ತಡ. ಚಂಡಮಾರುತದ ಕಣ್ಣು ಸಾಮಾನ್ಯವಾಗಿ ಕೆಲವು ಹತ್ತು ಕಿ.ಮೀ. ಅಗಲ, ಅಂಥ ಚೌಕದಲ್ಲಿ ಅದು ಕಾಣುವುದೇ ಇಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣ ಹಾದು ನಮ್ಮ ಕಡೆ ಬಂದು, ಕಾಗಿಣಾ ಉಕ್ಕಿದ್ದು ನೆನಪಿದೆಯಲ್ಲ? ಯಾವ ಹಳ್ಳದ ಮೇಲೆ ಮಳೆ ಸುರಿಯುತ್ತದೆ ಎಂದು ಹೇಳಲು ಸಣ್ಣ ಚೌಕ ಬೇಕು.

ಹಾಗಾದರೆ ಸಣ್ಣದು ಮಾಡಿದರಾಯಿತಲ್ಲ ಎನ್ನಬಹುದು. ಅಗಲ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಚಿಕ್ಕ ಚೌಕವನ್ನು ಗಾಳಿ ಬೇಗ ದಾಟುವುದರಿಂದ ಲೆಕ್ಕದ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ ಎಂಟು ಪಟ್ಟು. ಭಾರತದ ಹವಾಮಾನ ಇಲಾಖೆ 12 ಕಿ.ಮೀ.ಯಿಂದ 6 ಕಿ.ಮೀ. ಚೌಕಕ್ಕೆ ಬಂದದ್ದು 2025ರಲ್ಲಿ, ಅದೂ ಸೂಪರ್ ಕಂಪ್ಯೂಟರ್ ಇಟ್ಟುಕೊಂಡು. ರಿಚರ್ಡ್‌ಸನ್ನರ ಬಳಿ ಇದ್ದದ್ದು ಕಾಗದ, ಪೆನ್ಸಿಲ್. ಜಗತ್ತಿನ ಹವಾಮಾನದ ಲೆಕ್ಕ ಕಾಲದ ಜೊತೆ ಓಡಬೇಕಾದರೆ 64,000 ಜನ ಒಂದೇ ಸಭಾಂಗಣದಲ್ಲಿ ಕುಳಿತು ಲೆಕ್ಕ ಮಾಡಬೇಕೆಂದು ಅವರು ಕಲ್ಪಿಸಿದ್ದರು.

1920ರಲ್ಲಿ ಹವಾಮಾನ ಕಚೇರಿ ವಾಯುಪಡೆಯ ಸಚಿವಾಲಯಕ್ಕೆ ಸೇರಿದಾಗ ಅವರು ರಾಜೀನಾಮೆ ಕೊಟ್ಟರು. ಮುಂದೆ ಕಾಲೇಜುಗಳಲ್ಲಿ ಪಾಠ ಮಾಡಿದರು. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಮುನ್ಸೂಚನೆ ಲೆಕ್ಕ ಹಾಕಿತು. ಅದರ ಚೌಕ 736 ಕಿ.ಮೀ., ಇವರದಕ್ಕಿಂತ ಎಷ್ಟೋ ದೊಡ್ಡದು. 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಬೇಕಾಯಿತು. ಆದರೂ ಉತ್ತರ ನಂಬುವಂತಿತ್ತು. ಆ ಫಲಿತಾಂಶ ರಿಚರ್ಡ್‌ಸನ್ನರ ಕೈಸೇರಿತು, ಅವರು ಸಂತೋಷಪಟ್ಟು ಅಭಿನಂದಿಸಿದರು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್‌ನಲ್ಲಿ ತೀರಿಕೊಂಡರು.