ಪದ ಬಿಡಿಸಲು ಕಲಿಸಿದ ಲೆನೆಕ್

ನರ್ಸಿಂಗ್ ಓದಲು ಹಾಸನಕ್ಕೆ ಸೇರಿದ ಮೊದಲ ತಿಂಗಳು ಪುಸ್ತಕ ತೆರೆಯಲೇ ಭಯವಾಗುತ್ತಿತ್ತು. ಅರಕಲಗೂಡು ತಾಲ್ಲೂಕಿನ ಹಳ್ಳಿಯವಳಾದ ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ್ದೆ. ಪಿಯುಸಿಯನ್ನು ಹೇಗೋ ದಾಟಿದ್ದಾಯಿತು. ಇಲ್ಲಿ ನೋಡಿದರೆ ಟ್ಯಾಕಿಕಾರ್ಡಿಯ, ಹೆಪಟೈಟಿಸ್, ನೆಫ್ರೆಕ್ಟಮಿ! ಒಂದೊಂದು ಪದವೂ ಗೂಡ್ಸ್ ರೈಲಿನಷ್ಟು ಉದ್ದ. ರಾತ್ರಿ ಉರು ಹೊಡೆದದ್ದು ಬೆಳಿಗ್ಗೆಗೆ ಮರೆತಿರುತ್ತಿತ್ತು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು, ಬ್ರಾಡಿಕಾರ್ಡಿಯ ಎಂದರೆ ಹೃದಯ ಜೋರಾಗಿ ಬಡಿಯುವುದು ಎಂದುಬಿಟ್ಟೆ. ಎಲ್ಲರೂ ನಕ್ಕರು. ಅಂದು ಸಂಜೆ ಬಸ್ಸಿನಲ್ಲಿ ಊರು ಬರುವವರೆಗೂ ಓದು ಬಿಟ್ಟುಬಿಡುವ ಯೋಚನೆಯೇ.

ಹೊಳೆನರಸೀಪುರದಿಂದ ರೈಲಿನಲ್ಲಿ ಬರುವ ಗೆಳತಿ, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವ ಇನ್ನೊಬ್ಬಳು, ನಾನು, ಮೂವರದೂ ಒಂದೇ ಪಾಡು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕುಳಿತಾಗ ಹೊಳೆನರಸೀಪುರದವಳೇ ಒಂದು ದಾರಿ ಹೇಳಿದಳು. ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಪದ ಬಿಡಿಸಿ ಸಂಧಿ, ಸಮಾಸ ಹೆಸರಿಸುತ್ತಿದ್ದೆವಲ್ಲ, ಇವನ್ನೂ ಹಾಗೆಯೇ ಬಿಡಿಸೋಣ ಎಂದಳು. ಬಿಡಿಸತೊಡಗಿದೆವು. ಟ್ಯಾಕಿ ಎಂದರೆ ವೇಗ, ಬ್ರಾಡಿ ಎಂದರೆ ನಿಧಾನ, ಕಾರ್ಡಿಯ ಎಂದರೆ ಹೃದಯ. ಹೆಪಾಟ್ ಎಂದರೆ ಯಕೃತ್ತು, ಕೊನೆಗೆ ಐಟಿಸ್ ಬಂದರೆ ಉರಿಯೂತ. ನೆಫ್ರೋಸ್ ಮೂತ್ರಪಿಂಡ, ಎಕ್ಟಮಿ ಕತ್ತರಿಸಿ ತೆಗೆಯುವುದು. ಹತ್ತು ತುಂಡು ಗೊತ್ತಾದರೆ ನೂರು ಪದಗಳ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು.

ಹೀಗೆ ಬಿಡಿಸುತ್ತಾ ಸ್ಟೆತಸ್ಕೋಪ್‌ಗೆ ಬಂದೆವು. ಗ್ರೀಕಿನಲ್ಲಿ ಸ್ಟೆಥೋಸ್ ಎಂದರೆ ಎದೆ, ಸ್ಕೋಪೀನ್ ಎಂದರೆ ನೋಡುವುದು. ಕಿವಿಗಿಟ್ಟು ಕೇಳುವ ಸಾಧನಕ್ಕೆ ನೋಡುವುದು ಎಂಬ ಹೆಸರೇಕೆ? ಆ ಪ್ರಶ್ನೆಯ ಬೆನ್ನುಹತ್ತಿ ಲೈಬ್ರರಿಗೆ ಹೋದಾಗ ನನಗೆ ಸಿಕ್ಕವರು ರೆನೆ ಲೆನೆಕ್.

ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ. ಎಳೆಯ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಹುಡುಗ ಬೆಳೆದದ್ದು ನಾಂತ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪನ ಮನೆಯಲ್ಲಿ. ಆಗ ದೇಶದಲ್ಲಿ ಕ್ರಾಂತಿಯ ರಕ್ತಪಾತ. ಹುಡುಗನದು ತೆಳ್ಳಗಿನ ಮೈ, ಆರೋಗ್ಯ ಅಷ್ಟಕ್ಕಷ್ಟೇ. ಆದರೆ ಎರಡು ಹುಚ್ಚು ಹತ್ತಿದವು, ಕೊಳಲು ಮತ್ತು ಗ್ರೀಕ್ ಭಾಷೆ. 1801ರಲ್ಲಿ ಪ್ಯಾರಿಸ್ಸಿಗೆ ಹೋಗಿ ಹೆಸರಾಂತ ವೈದ್ಯ ಕೊರ್ವಿಸಾರ್ ಅವರ ಶಿಷ್ಯರಾದರು. 1804ರಲ್ಲಿ ಪದವಿಗಾಗಿ ಬರೆದ ಪ್ರಬಂಧದ ವಿಷಯ ಪ್ರಾಚೀನ ಗ್ರೀಕ್ ವೈದ್ಯ ಹಿಪಾಕ್ರಟಿಸ್. ಎಂದರೆ ಲೆನೆಕ್ ಕೂಡ ಒಂದು ಕಾಲಕ್ಕೆ ನಮ್ಮಂತೆಯೇ ಪದ ಬಿಡಿಸುತ್ತಾ ಕುಳಿತವರು!

1816ರಲ್ಲಿ ಅವರು ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಗೆ ಸೇರಿದರು. ಅಲ್ಲಿಗೆ ಹೃದಯದ ತೊಂದರೆಯಿದ್ದ ಯುವತಿಯೊಬ್ಬಳು ಬಂದಳು. ಆಗ ಎದೆಯ ಸದ್ದು ಕೇಳಬೇಕೆಂದರೆ ವೈದ್ಯರು ರೋಗಿಯ ಎದೆಗೇ ಕಿವಿ ಇಡಬೇಕಿತ್ತು. ತುಂಬು ಮೈಯ ಆ ಹುಡುಗಿಯ ಎದೆಗೆ ಕಿವಿಯಿಡಲು ಲೆನೆಕ್‌ಗೆ ಸಂಕೋಚ. ಮರದ ತೊಲೆಯ ಒಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕೇಳಿಸುತ್ತದೆ ಎಂಬುದು ನೆನಪಾಯಿತು. ಕಾಗದವನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ಹೃದಯದ ಬಡಿತ ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು.

ಕಾಗದದ ಸುರುಳಿಯ ಜಾಗಕ್ಕೆ ಮರದ ಕೊಳವೆ ಬಂತು. ಅದನ್ನೂ ಅವರೇ ಲೇತಿನಲ್ಲಿ ಕಡೆಯುತ್ತಿದ್ದರು. ಅದನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡರು. ರೋಗಿ ತೀರಿಕೊಂಡರೆ ಶವಪರೀಕ್ಷೆ ಮಾಡಿ, ಕೇಳಿದ ಸದ್ದಿಗೂ ಒಳಗೆ ಕಂಡದ್ದಕ್ಕೂ ತಾಳೆ ನೋಡಿದರು. ಆಗ ನನ್ನ ಪ್ರಶ್ನೆಗೆ ಉತ್ತರ ಹೊಳೆಯಿತು. ಅವರು ಕಿವಿಯಿಂದ ಎದೆಯ ಒಳಗನ್ನು ನೋಡುತ್ತಿದ್ದರು.

1819ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಹೊಸ ಸದ್ದುಗಳಿಗೆ ಹೊಸ ಹೆಸರುಗಳಿವೆ. ಎದೆಯಲ್ಲಿ ನೀರು ತುಂಬಿದವರ ಮಾತು ಕೊಳವೆಯಲ್ಲಿ ಆಡಿನ ಕೂಗಿನಂತೆ ನಡುಗುತ್ತಾ ಕೇಳುತ್ತದೆ. ಅದಕ್ಕೆ ಗ್ರೀಕಿನ ಆಡು ಮತ್ತು ದನಿ ಸೇರಿಸಿ ಈಗೋಫನಿ ಎಂದರು. ಕೆಟ್ಟ ಯಕೃತ್ತಿನ ಕಂದುಹಳದಿ ಬಣ್ಣ ನೋಡಿ, ಆ ಬಣ್ಣದ ಗ್ರೀಕ್ ಹೆಸರಾದ ಕಿರ್ರೋಸ್‌ನಿಂದ ಸಿರೋಸಿಸ್ ಎಂದರು. ನಾನು ಬೆಟ್ಟವೆಂದುಕೊಂಡಿದ್ದ ಪದಗಳ ಒಳಗೆ ಇದ್ದದ್ದು ಆಡು, ಬಣ್ಣ, ದನಿ!

ಅವರು ಎಲ್ಲಕ್ಕಿಂತ ಹೆಚ್ಚು ಕಿವಿಗೊಟ್ಟದ್ದು ಕ್ಷಯರೋಗಕ್ಕೆ. ಶ್ವಾಸಕೋಶದಲ್ಲಿ ಕಾಣುವ ಬಗೆಬಗೆಯ ಗಂಟುಗಳು ಬೇರೆ ಬೇರೆ ಕಾಯಿಲೆಯಲ್ಲ, ಒಂದೇ ರೋಗದ ಹಂತಗಳು ಎಂದು ತೋರಿಸಿದರು. ಆ ಗಂಟಿಗೆ ಟ್ಯೂಬರ್ಕಲ್ ಎಂದು ಹೆಸರು.

ಈ ಪದ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಏಕೆಂದರೆ ಆಗ ನಮ್ಮ ಅಪ್ಪನಿಗೆ ಟಿಬಿ ಎಂದು ಗೊತ್ತಾಗಿ ಮೂರು ವಾರವಾಗಿತ್ತು. ಮನೆಯಲ್ಲಿ ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ಪಕ್ಕದ ಮನೆಯವರು ಕೇಳಿದರೆ ಅಮ್ಮ ಧೂಳಿನ ಕೆಮ್ಮು ಎನ್ನುತ್ತಿದ್ದಳು. ಅಪ್ಪ ಜಗಲಿಯ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಕೆಮ್ಮು ಸ್ವಲ್ಪ ಇಳಿದದ್ದೇ ತಡ, ಮಾತ್ರೆ ಸಾಕು ಎನ್ನಲು ಶುರು ಮಾಡಿದ್ದ.

ಆ ಭಾನುವಾರ ಜಗಲಿಯಲ್ಲಿ ಬಿತ್ತನೆ ಆಲೂಗೆಡ್ಡೆ ಹರಡಿತ್ತು. ನಾನು ಒಂದನ್ನು ಕೈಗೆ ತೆಗೆದುಕೊಂಡು ಅಪ್ಪನ ಪಕ್ಕ ಕುಳಿತೆ. ಲ್ಯಾಟಿನ್ನಿನಲ್ಲಿ ಟ್ಯೂಬರ್ ಎಂದರೆ ಗೆಡ್ಡೆ, ಆಲೂಗೆಡ್ಡೆಯ ಸಸ್ಯಶಾಸ್ತ್ರೀಯ ಹೆಸರಿನಲ್ಲೂ ಅದೇ ಪದವಿದೆ. ಟ್ಯೂಬರ್ಕಲ್ ಎಂದರೆ ಪುಟ್ಟ ಗೆಡ್ಡೆ. ನಿನ್ನ ಶ್ವಾಸಕೋಶದಲ್ಲಿ ಆಗಿರುವುದು ಇಷ್ಟೇ, ಕ್ರಿಮಿಯಿಂದ ಎದ್ದ ಸಣ್ಣ ಗಂಟು, ಅದು ಶಾಪವೂ ಅಲ್ಲ, ಪಾಪವೂ ಅಲ್ಲ ಎಂದೆ. ಆ ಕ್ರಿಮಿಯನ್ನು ರಾಬರ್ಟ್ ಕಾಖ್ 1882ರಲ್ಲೇ ಪತ್ತೆ ಮಾಡಿದ್ದನ್ನೂ, ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕಾದದ್ದನ್ನೂ ಹೇಳಿದೆ. ಅಪ್ಪ ಗೆಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಗಮಾರಿ ಬಂದಾಗ ಔಷಧಿ ಹೊಡೆಯುವುದನ್ನು ನಡುವೆ ನಿಲ್ಲಿಸಿದರೆ ಹೊಲವೇ ಹೋಗುತ್ತದೆ, ಹಾಗೆಯೇ ಇದೂ ಎಂದು ತಾನೇ ಹೇಳಿದ. ಮತ್ತೆ ಮಾತ್ರೆ ತಪ್ಪಿಸಲಿಲ್ಲ.

ಲೆನೆಕ್‌ಗೆ ಆ ಮಾತ್ರೆ ಸಿಗಲಿಲ್ಲ. ಅವರಿಗೂ ಕ್ಷಯವೇ ತಗುಲಿತು. ಸೊರಗಿದ ಮೈಯಲ್ಲೇ ಗ್ರಂಥದ ಎರಡನೇ ಆವೃತ್ತಿ ಮುಗಿಸಿ ಬ್ರಿಟನಿಗೆ ಮರಳಿದರು. ಅವರದೇ ಕೊಳವೆಯನ್ನು ಅವರ ಎದೆಗಿಟ್ಟು ಕೇಳಿದ್ದು ಸಂಬಂಧದ ಯುವ ವೈದ್ಯ. ಕೇಳಿದ ಸದ್ದುಗಳ ಅರ್ಥ ಲೆನೆಕ್‌ಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. 1826ರ ಆಗಸ್ಟ್ 13ರಂದು, 45ನೇ ವಯಸ್ಸಿನಲ್ಲಿ ಅವರು ಕಣ್ಣು ಮುಚ್ಚಿದರು.

ಅವರ ಕಾಲದಲ್ಲಿ ಈ ರೋಗಕ್ಕೆ ಗ್ರೀಕಿನಿಂದ ಬಂದ ಥೈಸಿಸ್ ಎಂಬ ಹೆಸರಿತ್ತು. ಅರ್ಥ, ಸವೆದುಹೋಗುವುದು. ನಮ್ಮ ಕ್ಷಯ ಪದದ ಅರ್ಥವೂ ಅದೇ. ಎರಡೂ ಒಂದೇ ಪುರಾತನ ಬೇರಿನ ಚಿಗುರುಗಳು ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಸಾವಿರಾರು ಮೈಲಿ ಆಚೆಯ ಲೆನೆಕ್‌ರ ಕಾಯಿಲೆಗೂ ಅಪ್ಪನ ಕಾಯಿಲೆಗೂ ಹೆಸರಿನ ನಂಟು!

ಅಪ್ಪನ ಆರು ತಿಂಗಳ ಚಿಕಿತ್ಸೆ ಮುಗಿದಿದೆ. ಕಫ ಪರೀಕ್ಷೆಯಲ್ಲಿ ಈಗ ಕ್ರಿಮಿ ಇಲ್ಲ. ಚಿಕಿತ್ಸೆಯ ಕಾರ್ಡಿನಲ್ಲಿದ್ದ ನಿಕ್ಷಯ್ ಎಂಬ ಸರ್ಕಾರಿ ಹೆಸರನ್ನೂ ಅಮ್ಮನೆದುರು ಬಿಡಿಸಿ ತೋರಿಸಿದೆ. ನಿ ಎಂದರೆ ಇಲ್ಲವಾಗುವುದು, ಉಳಿದದ್ದು ಕ್ಷಯ. ಕಳೆದ ವಾರ ಪಕ್ಕದ ಮನೆಯ ಅಜ್ಜಿ ಬಹಳ ದಿನದಿಂದ ಕೆಮ್ಮುತ್ತಿರುವುದನ್ನು ಕೇಳಿ ಅಮ್ಮನೇ ಅವರ ಮನೆಗೆ ಹೋದಳು. ನಮ್ಮೆಜಮಾನರಿಗೂ ಟಿಬಿ ಆಗಿತ್ತು, ಈಗ ವಾಸಿಯಾಗಿದೆ, ನಾಳೆಯೇ ಕಫ ತೋರಿಸಿ ಎಂದು ಹೇಳಿ ಬಂದಳು.