ನಿಮಿಷಗಳಿಗೂ ಲೆಕ್ಕವಿಟ್ಟಿದ್ದ ಗಾಂಧೀಜಿ

ರಾಜಕೋಟೆಯ ಪ್ರೌಢಶಾಲೆಗೆ ಶನಿವಾರಗಳಂದು ಬೆಳಗಿನ ತರಗತಿ. ಮನೆಗೆ ಹೋದ ವಿದ್ಯಾರ್ಥಿಗಳು ಸಂಜೆ 4 ಗಂಟೆಗೆ ವ್ಯಾಯಾಮಕ್ಕೆಂದು ಮರಳಿ ಬರಬೇಕಿತ್ತು. ಅಂಥ ಒಂದು ಶನಿವಾರ ಆಕಾಶದಲ್ಲಿ ಮೋಡ ಕವಿದಿತ್ತು. ಕಾಯಿಲೆ ಬಿದ್ದ ತಂದೆಯ ಶುಶ್ರೂಷೆ ಮಾಡುತ್ತಿದ್ದ ಬಾಲಕ ಮೋಹನದಾಸನ ಬಳಿ ಗಡಿಯಾರವಿರಲಿಲ್ಲ. ಹೊತ್ತು ಎಷ್ಟಾಯಿತೆಂಬ ಅಂದಾಜು ತಪ್ಪಿತು. ಆತ ಶಾಲೆ ತಲುಪುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನ ಕಾರಣ ಕೇಳಿದ ಮುಖ್ಯೋಪಾಧ್ಯಾಯ ಗಿಮಿ ಅವರು ಹುಡುಗನ ಮಾತನ್ನು ನಂಬದೆ ದಂಡ ವಿಧಿಸಿದರು. ದಂಡ ಒಂದೆರಡು ಆಣೆಯದು ಮಾತ್ರ. ಆದರೆ ಸುಳ್ಳುಗಾರನೆಂಬ ಅಪವಾದ ಆತನನ್ನು ಅಳಿಸಿತು. ಸತ್ಯವಂತನಾಗಬೇಕೆಂಬವನು ಎಚ್ಚರಿಕೆಯವನೂ ಆಗಿರಬೇಕೆಂಬುದು ಆ ಘಟನೆಯಿಂದ ತಮಗೆ ಹೊಳೆದ ಪಾಠವೆಂದು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಪಾಠ ಹೊಳೆದರೂ ಅದು ಬದುಕಿನಲ್ಲಿ ಬೇರೂರಲು ವರ್ಷಗಳೇ ಬೇಕಾದವು. 1888ರಲ್ಲಿ ಕಾನೂನು ವ್ಯಾಸಂಗಕ್ಕಾಗಿ ಲಂಡನ್ ಸೇರಿದ ತರುಣ ಗಾಂಧಿ, ಇಂಗ್ಲಿಷ್ ಸಭ್ಯಗೃಹಸ್ಥನಾಗುವ ಹಂಬಲಕ್ಕೆ ಬಿದ್ದರು. ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡ್ ತೆತ್ತು ಉಡುಪು ಹೊಲಿಸಿದರು, ನೃತ್ಯ ತರಗತಿಗೆ ಸೇರಿದರು, 3 ಪೌಂಡಿಗೆ ಪಿಟೀಲು ಕೊಂಡರು. ಊರಿನಲ್ಲಿದ್ದ ಅಣ್ಣನಿಂದ ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿಯನ್ನೂ ತರಿಸಿಕೊಂಡರು. ಚಿನ್ನದ ಸರಪಳಿ ಬಂತೇ ಹೊರತು ಕಾಲಪ್ರಜ್ಞೆ ಬರಲಿಲ್ಲ. ದೊಡ್ಡ ಕನ್ನಡಿಯೊಂದರ ಮುಂದೆ ನಿಂತು ಟೈ ಸರಿಪಡಿಸಿಕೊಳ್ಳಲು, ಬೈತಲೆ ತಿದ್ದಿಕೊಳ್ಳಲು ದಿನವೂ ಹತ್ತು ನಿಮಿಷ ವ್ಯರ್ಥವಾಗುತ್ತಿತ್ತು. ಆತ್ಮಕಥೆ ಬರೆಯುವಾಗಲೂ ಆ ಹತ್ತು ನಿಮಿಷಗಳನ್ನು ಅವರು ಮರೆತಿರಲಿಲ್ಲವೆಂಬುದು ಗಮನಾರ್ಹ.

ಈ ಮೋಹ ಸುಮಾರು ಮೂರು ತಿಂಗಳು ಬಾಳಿತು. ಬಳಿಕ ನೃತ್ಯ, ಪಿಟೀಲುಗಳೆರಡಕ್ಕೂ ವಿದಾಯ ಹೇಳಿ ಓದಿಗೆ ನಿಂತರು. ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಲ್ಯಾಟಿನ್ ಕಲಿಯಬೇಕಾಗಿ ಬಂದಾಗ ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಹಾಕಿಕೊಂಡರು. ಮೊದಲ ಯತ್ನದಲ್ಲಿ ಲ್ಯಾಟಿನ್ ಕೈಕೊಟ್ಟಿತು, ಎರಡನೆಯದರಲ್ಲಿ ತೇರ್ಗಡೆಯಾದರು.

ದಕ್ಷಿಣ ಆಫ್ರಿಕದಲ್ಲಿ ವಕೀಲಿ ವೃತ್ತಿ ಮತ್ತು ಸಾರ್ವಜನಿಕ ಕಾರ್ಯಗಳೆರಡೂ ಬೆಳೆದಾಗ ಭಗವದ್ಗೀತೆಯನ್ನು ಕಂಠಪಾಠ ಮಾಡಲು ಬಿಡುವೇ ಸಿಗದಾಯಿತು. ಆಗ ಅವರು ಮಾಡಿದ್ದು ದಿನಚರಿಯ ತಪಾಸಣೆ. ಬೆಳಗಿನ ಶೌಚಕರ್ಮಗಳಿಗೆ 35 ನಿಮಿಷ ಹಿಡಿಯುತ್ತಿತ್ತು. ಹಲ್ಲುಜ್ಜಲು 15, ಸ್ನಾನಕ್ಕೆ 20. ಹಲ್ಲುಜ್ಜುವಾಗ ಕಣ್ಣು, ಮನಸ್ಸುಗಳಿಗೆ ಕೆಲಸವಿಲ್ಲವಷ್ಟೆ. ಎದುರಿನ ಗೋಡೆಗೆ ಶ್ಲೋಕ ಬರೆದ ಚೀಟಿ ಅಂಟಿಸಿಕೊಂಡರು. ಹಿಂದೆ ಕಲಿತದ್ದನ್ನು ಸ್ನಾನದ ವೇಳೆಯಲ್ಲಿ ಮೆಲುಕು ಹಾಕಿದರು. ಹೀಗೆ ಹದಿಮೂರು ಅಧ್ಯಾಯಗಳು ಬಾಯಿಗೆ ಬಂದವು. ಹೊಸದಾಗಿ ಒಂದು ನಿಮಿಷವನ್ನೂ ಅವರು ಹುಡುಕಲಿಲ್ಲ, ಕಳೆದುಹೋಗುತ್ತಿದ್ದುದನ್ನು ಹಿಡಿದುಕೊಂಡರು, ಅಷ್ಟೆ.

ಹಾಗೆಂದು ಅವರ ಪ್ರಯೋಗಗಳೆಲ್ಲ ಸಮಯ ಉಳಿಸಿದವೆನ್ನಲಾಗದು. ಅಗಸನು ಹೇಳಿದ ದಿನ ಬಟ್ಟೆ ತಾರದೆ ಸತಾಯಿಸಿದಾಗ ಗಾಂಧಿಯವರು ಪುಸ್ತಕ ನೋಡಿ ತಾವೇ ಒಗೆಯಲು, ಇಸ್ತ್ರಿ ಮಾಡಲು ಕಲಿತರು. ಮೊದಲ ಬಾರಿ ಗಂಜಿ ಹೆಚ್ಚಾದ ಕಾಲರು ನ್ಯಾಯಾಲಯದಲ್ಲೇ ಪುಡಿ ಉದುರಿಸತೊಡಗಿ ಸಹೋದ್ಯೋಗಿ ವಕೀಲರ ನಗೆಗೆ ಗುರಿಯಾದರು. ಅದು ಸ್ವಾವಲಂಬನೆಗೆ ತೆತ್ತ ಸಮಯ.

1909ರ ನವೆಂಬರಿನಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂತಿರುಗುವ ಹಡಗಿನಲ್ಲಿ ಅವರ ಬರವಣಿಗೆಯ ವೇಗ ಬೆರಗುಗೊಳಿಸುವಂಥದು. ಕಿಲ್ಡೋನನ್ ಕ್ಯಾಸಲ್ ಎಂಬ ಆ ಹಡಗಿನ ಕಾಗದದ ಮೇಲೆಯೇ 'ಹಿಂದ್ ಸ್ವರಾಜ್' ಕೃತಿಯನ್ನು ಗುಜರಾತಿಯಲ್ಲಿ ಹತ್ತು ದಿನಗಳಲ್ಲಿ ಬರೆದು ಮುಗಿಸಿದರು. ಬಲಗೈ ಸೋತಾಗ ಲೇಖನಿಯನ್ನು ಎಡಗೈಗೆ ತೆಗೆದುಕೊಂಡರು. ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಪುಟಗಳು ಎಡಗೈ ಬರಹ.

1915ರಲ್ಲಿ ಸ್ವದೇಶಕ್ಕೆ ಮರಳಿ ಆಶ್ರಮ ಸ್ಥಾಪಿಸಿದ ಮೇಲೆ ಈ ಶಿಸ್ತು ಒಬ್ಬರದಾಗಿ ಉಳಿಯಲಿಲ್ಲ. ಸಾಬರಮತಿಯಲ್ಲಿ ನಸುಕಿನ 4 ಗಂಟೆಗೆ ಗಂಟೆ ಬಾರಿಸುತ್ತಿತ್ತು. ಆಶ್ರಮವಾಸಿಗಳು ದಿನಚರಿ ಬರೆದಿಡಬೇಕಿತ್ತು. ಅಕ್ಕಿಯ ಕಾಳು, ಕಾಗದದ ಚೂರುಗಳಂತೆ ನಿಮಿಷವೂ ದೇಶದ ಸೊತ್ತು, ನಾವು ಅದರ ಧರ್ಮದರ್ಶಿಗಳು ಮಾತ್ರ ಎಂಬುದು ಅವರ ನಿಲುವಾಗಿತ್ತು. ಭೇಟಿಗೆ ಬಂದವರ ಮಾತು ಕೇಳುತ್ತ ಅವರ ಕೈ ಚರಕ ತಿರುಗಿಸುತ್ತಿತ್ತು. ಬಂದ ಲಕೋಟೆಗಳ ಒಳಬದಿ ಬರೆಯುವ ಕಾಗದವಾಗುತ್ತಿತ್ತು. ಸೋಮವಾರದ ಮೌನವೂ ಮೊದಲಿಗೆ ಬಿಡುವಿಗಾಗಿ ಕೈಗೊಂಡದ್ದು. ಅದರ ಆಧ್ಯಾತ್ಮಿಕ ಸತ್ವ ಅನಂತರ ಅರಿವಿಗೆ ಬಂದದ್ದು. ಚಿನ್ನದ ಸರಪಳಿಯ ಸ್ಥಾನದಲ್ಲಿ ಈಗ ಸೊಂಟದ ದಾರಕ್ಕೆ ತೂಗುವ ಅಗ್ಗದ ಇಂಗರ್‌ಸಾಲ್ ಗಡಿಯಾರವಿತ್ತು.

ತಮಗೆ ಒಗ್ಗಿದ್ದು ದೇಶಕ್ಕೂ ಒಗ್ಗೀತೆಂದು ಅವರು ನಂಬಿದ್ದು ನಮ್ಮ ಬೆಳಗಾವಿಯಲ್ಲಿ ಪರೀಕ್ಷೆಗೆ ಒಳಗಾಯಿತು. 1924ರ ಡಿಸೆಂಬರಿನಲ್ಲಿ ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲಿ ಜರುಗಿತು. ಸದಸ್ಯತ್ವಕ್ಕೆ ನಾಲ್ಕಾಣೆಯ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಅಂಗೀಕಾರವಾಯಿತು. ದೇಶಕ್ಕೆ ಹಣಕ್ಕಿಂತ ದಿನಕ್ಕೆ ಅರ್ಧ ಗಂಟೆಯ ದುಡಿಮೆ ಕೊಡಿರೆಂಬುದು ಅವರ ಬೇಡಿಕೆ. ಒಲ್ಲದವರು ಇತರರು ನೂತದ್ದನ್ನು ಒಪ್ಪಿಸಬಹುದೆಂಬ ವಿನಾಯಿತಿಯನ್ನೂ ಸೇರಿಸಲಾಗಿತ್ತು. ಆದರೂ ವರ್ಷ ತುಂಬುವ ಮೊದಲೇ, 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದ ಸಭೆಯಲ್ಲಿ, ನಾಲ್ಕಾಣೆ ಮರಳಿ ಬಂತು, ನೂಲು ಐಚ್ಛಿಕವಾಯಿತು. ಸೆರೆಮನೆಗೆ ಹೋಗಲು ಸಿದ್ಧರಿದ್ದ ಜನ ದಿನದ ಅರ್ಧ ಗಂಟೆ ಕೊಡಲು ಹಿಂದೇಟು ಹಾಕಿದರೆಂಬುದು ಅವರ ರಾಜಕೀಯ ಬದುಕಿನ ವಿಚಿತ್ರ ಸೋಲುಗಳಲ್ಲೊಂದು. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದಾಗಲೂ ಅವರ ಪತ್ರ ವ್ಯವಹಾರ ನಿಲ್ಲಲಿಲ್ಲ.

ಈ ಲೆಕ್ಕಾಚಾರದಲ್ಲಿ ಕಾಠಿಣ್ಯವಿರಲಿಲ್ಲವೇ? ಇತ್ತು. 1917ರಲ್ಲಿ ಕಾರ್ಯದರ್ಶಿಯಾಗಿ ಸೇರಿದ ಮಹಾದೇವ ದೇಸಾಯಿ ಅವರು ವಾರ್ಧಾದ ಮಗನ್‌ವಾಡಿಯಿಂದ ಸೇವಾಗ್ರಾಮಕ್ಕೆ ಸುಡುಬಿಸಿಲಿನಲ್ಲಿ ಹೋಗಿಬರಲು ದಿನಕ್ಕೆ ಸುಮಾರು 11 ಮೈಲಿ ನಡೆಯುತ್ತಿದ್ದ ಕಾಲವಿತ್ತು. 1942ರ ಆಗಸ್ಟ್ 15ರಂದು ಆಗಾಖಾನ್ ಅರಮನೆಯ ಬಂಧನದಲ್ಲಿ, ಐವತ್ತರ ಹರೆಯದಲ್ಲೇ, ದೇಸಾಯಿ ತೀರಿಕೊಂಡರು. ತಮ್ಮ ನಿಮಿಷಗಳನ್ನು ಎಣಿಸಿದಷ್ಟು ಎಚ್ಚರದಿಂದ ಗಾಂಧೀಜಿ ಜೊತೆಗಾರರ ದಣಿವನ್ನು ಎಣಿಸಿದರೇ ಎಂಬ ಪ್ರಶ್ನೆ ಉಳಿಯುತ್ತದೆ. ಇನ್ನೊಂದು ಮಗ್ಗುಲೂ ಉಂಟು. ಕುಷ್ಠರೋಗ ಪೀಡಿತರಾದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಯವರು ಸೇವಾಗ್ರಾಮಕ್ಕೆ ಬಂದಾಗ, ನಾಯಕರನ್ನು ಗಡಿಯಾರ ನೋಡಿ ಬೀಳ್ಕೊಡುತ್ತಿದ್ದ ಇದೇ ಗಾಂಧೀಜಿ ಅವರ ಮೈಗೆ ಸ್ವತಃ ಎಣ್ಣೆ ತಿಕ್ಕಲು ಕುಳಿತರು. ಉಳಿಸಿದ ನಿಮಿಷಗಳು ಹೋಗುತ್ತಿದ್ದುದು ಇಂಥ ಕಡೆಗೆ.

1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಅವರು ಎಂದಿನಂತೆ ನಸುಕಿನಲ್ಲೇ ಎದ್ದರು. ಕಾಂಗ್ರೆಸ್ಸಿನ ಹೊಸ ಸಂವಿಧಾನದ ಕರಡು ತಿದ್ದಿದರು. 78ರ ಇಳಿವಯಸ್ಸಿನಲ್ಲಿ ಕಲಿಯುತ್ತಿದ್ದ ಬಂಗಾಳಿ ಲಿಪಿಯ ಅಂದಿನ ಅಭ್ಯಾಸವನ್ನೂ ಬರೆದರು. ಸಂಜೆ 4ಕ್ಕೆ ಸರ್ದಾರ್ ಪಟೇಲರು ಮಗಳು ಮಣಿಬೆನ್ ಅವರೊಡನೆ ಬಂದರು. ಪಟೇಲ್ ಮತ್ತು ನೆಹರು ನಡುವಿನ ಭಿನ್ನಾಭಿಪ್ರಾಯ ಮಾತಿನ ವಿಷಯ. 5 ಗಂಟೆಯ ಪ್ರಾರ್ಥನೆಯ ಹೊತ್ತು ಮೀರಿದರೂ ಮಾತು ಮುಗಿಯಲಿಲ್ಲ. ನಡುವೆ ಬಾಯಿ ಹಾಕುವ ಧೈರ್ಯ ಸಾಲದೆ ಆಭಾ ಗಡಿಯಾರವನ್ನು ಎತ್ತಿ ತೋರಿಸಿದರು.

ಆಭಾ ಮತ್ತು ಮನು ಅವರ ಹೆಗಲಿಗೆ ಕೈಯೂರಿ, ಹುಲ್ಲುಹಾಸಿನ ಮೇಲೆ ಗಾಂಧೀಜಿ ಬಿರುಸಾಗಿ ನಡೆದರು. ತಮ್ಮ ಗಡಿಯಾರಗಳು ನೀವೇ ಆಗಿರುವಾಗ ತಡವಾದದ್ದೇಕೆಂದು ಹುಡುಗಿಯರನ್ನು ಆಕ್ಷೇಪಿಸಿದರು. ಪ್ರಾರ್ಥನೆಗೆ ಒಂದು ನಿಮಿಷ ತಡವಾದರೂ ತಮಗೆ ಸಹಿಸಲಾಗದೆಂದರು. ಮೆಟ್ಟಿಲೇರಿ ಜನರಿಗೆ ಕೈಮುಗಿಯುವಾಗ ಗುಂಪಿನಿಂದ ಒಬ್ಬ ನುಗ್ಗಿ ಬಂದ. ಕಾಲಿಗೆರಗಲು ಬಂದವನೆಂದು ತಿಳಿದ ಮನು, ಬಾಪು ಅವರಿಗೆ ಆಗಲೇ ಹತ್ತು ನಿಮಿಷ ತಡವಾಗಿದೆಯೆಂದು ಹೇಳಿ ಅವನನ್ನು ತಡೆಯಲು ಕೈ ಚಾಚಿದರು. ನಾಥೂರಾಮ್ ಗೋಡ್ಸೆ ಆ ಕೈಯನ್ನು ತಳ್ಳಿದ. ಮನು ಹಿಡಿದಿದ್ದ ಜಪಮಾಲೆ, ಪುಸ್ತಕಗಳು ನೆಲಕ್ಕೆ ಬಿದ್ದವು. ಆಗ 5 ಗಂಟೆ 17 ನಿಮಿಷ.