ಹರ್ಮನ್ ಮೊಗ್ಲಿಂಗ್

ಕನ್ನಡದ ಮೊದಲ ಪತ್ರಿಕೆ ತಂದವರ ಮಾತೃಭಾಷೆ ಕನ್ನಡವಲ್ಲ. ಹರ್ಮನ್ ಮೊಗ್ಲಿಂಗ್ 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿ, 1836ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ. ಅದಕ್ಕಾಗಿ ಕನ್ನಡ ಕಲಿತರು, ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಬೇರೆ ಧರ್ಮದವು ಎನ್ನದೆ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. 1858ರಲ್ಲಿ ಟ್ಯೂಬಿಂಗನ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1881ರಲ್ಲಿ ತಾಯ್ನಾಡಿನಲ್ಲಿ ತೀರಿಕೊಂಡರು.

ಹಲಸಿಯ ನಮ್ಮ ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿಯೂ ಇದೆ. ನಾನು ಕನ್ನಡ ಬರೆಯಲು ಕಲಿತದ್ದು ಶಾಲೆಯಲ್ಲಿ. ಕನ್ನಡ ನಿಮ್ಮದಾ ಎಂದು ಕೆಲವರು ಕೇಳುತ್ತಾರೆ. ಕಲಿತು ದುಡಿದವರದೂ ಹೌದು ಎಂಬುದಕ್ಕೆ ಮೊಗ್ಲಿಂಗ್ ಸಾಕ್ಷಿ.